ಹಸಿರು ಚೀಟಿಯಲ್ಲಿದ್ದ ಎರಡಕ್ಷರ

ನಾಲ್ಕನೇ ಯಂತ್ರ ಕಚ್ಚುತ್ತದೆಂದು ತೊಳೆಯುವವರಿಗೆಲ್ಲ ಗೊತ್ತಿತ್ತು.

ಅದರ ಕಬ್ಬಿಣದ ಹಿಡಿ ಮುಟ್ಟಿದರೆ ಮೊಣಕೈವರೆಗೆ ಜುಂ ಎನ್ನುತ್ತಿತ್ತು. ರಬ್ಬರು ಬೂಟು ಗಟ್ಟಿಯಾಗಿದ್ದು, ಕೈಗವಸು ಎರಡು ಜೊತೆ ಇದ್ದರೆ ಬರೀ ಜುಂ. ಬೂಟು ಬಿರುಕು ಬಿಟ್ಟಿದ್ದರೆ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಲೊರೇನ್ ಅದಕ್ಕೆ ‘ಅತ್ತೆ’ ಎಂದು ಹೆಸರಿಟ್ಟಿದ್ದಳು.

“ಇವತ್ತು ಅತ್ತೆ ಯಾರ ಪಾಲಿಗಮ್ಮಾ?” ಎಂದು ಅವಳು ಬಾಗಿಲಲ್ಲೇ ಕೂಗುತ್ತಿದ್ದಳು. “ನನ್ನ ನಿಜವಾದ ಅತ್ತೆ ಇಷ್ಟು ಕಚ್ತಿರ್ಲಿಲ್ಲ. ಅವಳಿಗೆ ಹಲ್ಲೇ ಇರ್ಲಿಲ್ಲ.”

ಹೆಂಗಸರು ನಗುತ್ತಿದ್ದರು. ನಕ್ಕು ನಕ್ಕು ಅದೊಂದು ರೂಢಿಯಾಯಿತು. ಸಾಯಿಸಬಲ್ಲ ವಸ್ತುವಿಗೆ ಅಡ್ಡಹೆಸರಿಟ್ಟು ಅದರ ಜೊತೆ ಬದುಕುವುದನ್ನು ಬಡವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇಂಗ್ಲಿಷರ ನಾಡಿನ ಬಂದರು ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ ಆ ಮೀನಿನ ಕಾರ್ಖಾನೆ. ಮಧ್ಯಾಹ್ನ ಎರಡಕ್ಕೆ ಮೀನು ಕೊಯ್ಯುವ ಸಾಲು ನಿಲ್ಲುತ್ತಿತ್ತು. ಕೊಯ್ಯುವವರು ಹೋಗುತ್ತಿದ್ದರು, ತೊಳೆಯುವವರು ಬರುತ್ತಿದ್ದರು. ಬೆಲ್ಟಿನ ಮೇಲೆ ರಕ್ತ, ಹುರುಪೆ, ಕರುಳು, ಬೆರಳಿಗೆ ಅಂಟುವ ಕೊಬ್ಬು. ಅದರ ಮೇಲೆ ಸುಡುನೀರು ಚಿಮ್ಮಿಸಬೇಕು, ನೊರೆ ಹಾಕಬೇಕು, ಮತ್ತೆ ಚಿಮ್ಮಿಸಬೇಕು. ಕ್ಲೋರಿನ್ನಿಗೆ ಕಣ್ಣು ಉರಿಯುತ್ತಿತ್ತು. ಕಾಲಡಿ ಸದಾ ಎರಡಿಂಚು ನೀರು. ಆ ನೀರಿನ ಮೇಲೆ ವಿದ್ಯುತ್ತಿನ ತಂತಿ ಎಳೆದುಕೊಂಡು ನೀರು ಚಿಮ್ಮಿಸುವ ಏಳು ಯಂತ್ರಗಳು ಓಡಾಡುತ್ತಿದ್ದವು. ಏಳಕ್ಕೆ ಏಳು ಹೆಂಗಸರು. ಐವರು ಏಜೆನ್ಸಿಯವರು. ಬೆಳಿಗ್ಗೆ ಫೋನಿಗೆ ಸಂದೇಶ ಬಂದರೆ ಆ ದಿನ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ದಾನುತೆ ವೈಟ್‌ಕಿಯೆನೆ ಆ ಏಳು ಹೆಂಗಸರಲ್ಲೊಬ್ಬಳು. ಲಿಥುವೇನಿಯಾದವಳು, ಐವತ್ತೆರಡು ವಯಸ್ಸು. ಆ ಕಟ್ಟಡದಲ್ಲೇ ಹದಿನಾಲ್ಕು ವರ್ಷ ಸವೆಸಿದ್ದಳು. ಮೊದಲ ಆರು ವರ್ಷ ಡಬ್ಬಕ್ಕೆ ತಾರೀಕಿನ ಚೀಟಿ ಅಂಟಿಸುವ ಕೆಲಸ. ನಿಮಿಷಕ್ಕೆ ನಲವತ್ತು. ಭುಜ ಹೋದ ಮೇಲೆ, ಕಾರ್ಖಾನೆ ತೊಳೆಯುವ ಗುತ್ತಿಗೆ ಹಿಡಿದಿದ್ದ ಕಂಪನಿಗೆ ತಳ್ಳಿದರು. ಮೇಸ್ತ್ರಿ ಡ್ಯಾರೆನ್‌ಗೆ ಅವಳ ಹೆಸರು ನಾಲಗೆಗೆ ಹತ್ತಲಿಲ್ಲ. ಡ್ಯಾನಿ ಎಂದ. ಎಂಟು ವರ್ಷದಿಂದ ಡ್ಯಾನಿಯೇ.

ಪ್ರತಿ ಶರತ್ಕಾಲದಲ್ಲಿ ಬ್ಯಾರಿ ಎಂಬ ಪರೀಕ್ಷಕ ಬರುತ್ತಿದ್ದ. ಪೆಟ್ಟಿಗೆಯಂಥ ಒಂದು ಉಪಕರಣ ಹಿಡಿದು ಆಫೀಸಿನ ಕೆಟಲು, ಕಂಪ್ಯೂಟರು, ಕಾಗದ ಚೂರು ಮಾಡುವ ಯಂತ್ರ, ಕ್ಯಾಂಟೀನಿನ ಓವನ್ನು ಎಲ್ಲದರ ಕರೆಂಟು ಪರೀಕ್ಷಿಸಿ, ಸುರಕ್ಷಿತವೆಂಬ ಹಸಿರು ಚೀಟಿ ಅಂಟಿಸುತ್ತಿದ್ದ. ಒಣಗಿದ ಜಾಗದಲ್ಲಿ ಒಣಗಿದ ಕೈಗಳು ಮುಟ್ಟುವ ವಸ್ತುಗಳು. ಒಮ್ಮೆ ದಾನುತೆ ಕೇಳಿದ್ದಳು.

“ನಮ್ಮವು ನೋಡಲ್ವಾ ಬ್ಯಾರಿ?”

“ನನ್ನ ಪಟ್ಟೀಲಿ ಇಲ್ಲ ಚಿನ್ನ. ಅವು ತೊಳೆಯೋ ಕಂಪನೀವು. ನಿಮ್ಮೋರು ಕರೆದ್ರೆ ಬರ್ತೀನಿ.”

ತೊಳೆಯುವ ಕಂಪನಿಯವರು ಕರೆಯಲಿಲ್ಲ. ಕಟ್ಟಡ ಕಾರ್ಖಾನೆಯದು, ಅವರೇ ನೋಡಿಕೊಳ್ಳಲಿ ಎಂದರು. ಯಂತ್ರ ನಿಮ್ಮದು, ನೀವೇ ನೋಡಿಕೊಳ್ಳಿ ಎಂದರು ಕಾರ್ಖಾನೆಯವರು. ಆದರೆ ಹಸಿರು ಚೀಟಿ ಇಲ್ಲದ ಯಾವ ಯಂತ್ರವೂ ಕೊಯ್ಯುವ ಕೋಣೆಯ ಬಾಗಿಲು ದಾಟಕೂಡದೆಂದು ಕಾರ್ಖಾನೆಯವರ ಕಟ್ಟಪ್ಪಣೆ. ಯಂತ್ರ ದಾಟದಿದ್ದರೆ ಕೆಲಸವಿಲ್ಲ. ಒಂದು ದಿನ ಡ್ಯಾರೆನ್ ಹಸಿರು ಚೀಟಿಯ ಸುರುಳಿಯೊಂದನ್ನು ತಂದು ದಾನುತೆಯ ಕೈಗೆ ಹಾಕಿದ.

“ನಿನ್ನ ಅಕ್ಷರ ಮುದ್ದಾಗಿದೆ ಡ್ಯಾನಿ. ಏಳಕ್ಕೂ ಅಂಟ್ಸು. ಈ ವರ್ಷದ ತಾರೀಕು, ಬರೋ ವರ್ಷದ ತಾರೀಕು. ಕೆಳಗೆ ನಿನ್ನ ಹೆಸರಿನ ಎರಡಕ್ಷರ.”

ಅವಳು ಅಂಟಿಸಿದಳು. ತಪ್ಪು ಅಲ್ಲೇ ಆದದ್ದು. ಆರು ವರ್ಷ ಚೀಟಿ ಅಂಟಿಸಿದ ಕೈ ಅದು. ಅಂಟಿಸಿದರೆ ಡಬ್ಬ ಲಾರಿ ಹತ್ತುತ್ತದೆ, ಅಂಟಿಸದಿದ್ದರೆ ಹತ್ತುವುದಿಲ್ಲ, ಅಷ್ಟೇ ಆ ಕೈಗೆ ಗೊತ್ತಿದ್ದದ್ದು. ಚೀಟಿ ಎಂದರೆ ಒಂದು ಮಾತು, ಒಬ್ಬರು ಇನ್ನೊಬ್ಬರಿಗೆ ಕೊಡುವ ಮಾತು ಎಂದು ಅವಳಿಗೆ ಹೊಳೆಯಲಿಲ್ಲ. ‘ಪರೀಕ್ಷಿಸಿದವರು’ ಎಂಬ ಪದದ ಮುಂದೆ ಡಿ.ವಿ. ಎಂದು ಬರೆದಳು. ಏಳು ಸಲ. ಮರುವರ್ಷ ಮತ್ತೆ ಏಳು ಸಲ.

ಫೆಬ್ರವರಿಯ ಒಂದು ಮಂಗಳವಾರ ‘ಅತ್ತೆ’ ಲೊರೇನಳ ಪಾಲಿಗೆ ಬಂತು.

ಮೂರು ಗಂಟೆಯ ಹೊತ್ತು. ಮೋರಿಗೆ ಕರುಳು ಕಟ್ಟಿಕೊಂಡಿತ್ತು. ಲೊರೇನ್ ಮಂಡಿಯೂರಿ ಕೂತಳು. ನೀರಿನಲ್ಲೇ. ಏಳಲು ಆಸರೆಗೆಂದು ಯಂತ್ರದ ಚೌಕಟ್ಟು ಹಿಡಿದಳು.

ಅವಳು ಕಿರುಚಲಿಲ್ಲ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ದವಡೆ ಸೆಟೆದಿತ್ತು. ಹಿಡಿದ ಕೈ ಬಿಡಲಿಲ್ಲ. ಬಿಡಲು ಅದು ಈಗ ಅವಳ ಕೈಯಾಗಿರಲಿಲ್ಲ. ತಮಾಷೆ ಮಾಡುತ್ತಿದ್ದಾಳೆಂದು ಒಬ್ಬಳು ನಕ್ಕಳು ಕೂಡ. ದಾನುತೆ ಗೋಡೆಯ ಕಡೆ ಓಡಿದಳು, ಜಾರಿ ಬಿದ್ದಳು, ಎದ್ದಳು, ಸ್ವಿಚ್ಚು ಬಡಿದಳು. ಅಲ್ಲಿ ಮೊದಲು ಒಂದು ಒಳ್ಳೆಯ ಸ್ವಿಚ್ಚಿತ್ತು. ಕರೆಂಟು ಸೋರಿದರೆ ತಾನೇ ಬೀಳುವಂಥದು. ದಿನಕ್ಕೆ ಹತ್ತು ಸಲ ಬಿದ್ದು ಕೆಲಸ ನಿಲ್ಲಿಸುತ್ತದೆಂದು ಡ್ಯಾರೆನ್ ಅದನ್ನು ತೆಗೆಸಿ ಸಾದಾ ಸ್ವಿಚ್ಚು ಹಾಕಿಸಿದ್ದ.

ಕರೆಂಟು ನಿಂತದ್ದೇ ಲೊರೇನ್ ಮೀನಿನ ಮೂಟೆಯಂತೆ ಒರಗಿದಳು. ಅಂಗೈ ಸುಟ್ಟ ವಾಸನೆ ಆ ಮೀನಿನ ನಾತದಲ್ಲೂ ಬೇರೆಯಾಗಿ ಬಂತು.

ಆಂಬುಲೆನ್ಸಿಗೆ ಫೋನು ಮಾಡಿದವಳು ದಾನುತೆ. ಡ್ಯಾರೆನ್ ಬಂದವನು ಲೊರೇನಳ ಪಕ್ಕ ಕೂರಲಿಲ್ಲ. ಯಂತ್ರದ ಪಕ್ಕ ಕೂತ. ತೋಳಿನಿಂದ ಹಸಿರು ಚೀಟಿಯ ಮೇಲಿನ ನೀರು ಒರೆಸಿದ. ಓದಿದ. ಜೇಬಿನಿಂದ ಫೋನು ತೆಗೆದು ಅದರ ಚಿತ್ರ ಹಿಡಿದ. ಆಮೇಲೆ ತಲೆಯೆತ್ತಿ ದಾನುತೆಯನ್ನು ನೋಡಿದ.

ಆ ನೋಟ ಅವಳಿಗೆ ಅರ್ಥವಾದದ್ದು ಮರುದಿನ.

“ಗುಡ್ ಆಫ್ಟರ್‌ನೂನ್, ಮಿಸೆಸ್ ವೈಟ್‌ಕಿಯೆನೆ,” ಎಂದ ಡ್ಯಾರೆನ್.

ಒಂದಕ್ಷರ ತಪ್ಪಲಿಲ್ಲ. ಯಾರೋ ಹೇಳಿಕೊಟ್ಟಿದ್ದರು, ಅವನು ಅಭ್ಯಾಸ ಮಾಡಿದ್ದ. ಎಂಟು ವರ್ಷ ಇಲ್ಲದ ಹೆಸರು ಈಗ ಯಾಕೆ ಬೇಕಾಯಿತು ಇವರಿಗೆ?

ಸರಕಾರದ ಸುರಕ್ಷತಾ ಅಧಿಕಾರಿ ಶುಕ್ರವಾರ ಬರುವವಳಿದ್ದಳು. ಅವಳು ಫೋನಿನಲ್ಲಿ ಹೇಳಿದ್ದಕ್ಕೆ ನಾಲ್ಕನೇ ಯಂತ್ರವನ್ನು ತಂಪು ಕೋಣೆಗೆ ಹಾಕಿ ಬೀಗ ಜಡಿದರು. ಉಳಿದ ಆರು ಓಡುತ್ತಲೇ ಇದ್ದವು. ಎರಡನೆಯದರ ತಂತಿಗೆ ಮೂರು ಕಡೆ ಕಪ್ಪು ಟೇಪು. ಆರನೆಯದು ಬಿಸಿಯಾದರೆ ಮೀನಿನೆಣ್ಣೆ ಸುಟ್ಟಂತೆ ನಾರುತ್ತಿತ್ತು. ಹೆಂಗಸರು ಈಗ ನಗುತ್ತಿರಲಿಲ್ಲ. ಹಿಡಿ ಮುಟ್ಟುವ ಮುಂಚೆ ಬೆರಳ ಹಿಂಬದಿಯಿಂದ ತಾಗಿಸಿ ನೋಡುತ್ತಿದ್ದರು, ಬಿಸಿ ಕಾವಲಿ ನೋಡುವ ಹಾಗೆ. ಊಟದ ಹೊತ್ತಿಗೆ ದಾನುತೆ ರೈ ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಕೂತಾಗ, ಪಕ್ಕದಲ್ಲಿ ಕೂರಲು ಕವುಚಿಟ್ಟ ಪೆಟ್ಟಿಗೆ ಖಾಲಿ ಇತ್ತು. ಚೀಟಿ ಬರೆದವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಅವಳು ಆಸ್ಪತ್ರೆಗೆ ಹೋದಳು. ಲೊರೇನಳ ಎದೆಯ ಮೇಲೆ ತಂತಿಗಳು, ಬಲಗೈ ತುಂಬ ಬ್ಯಾಂಡೇಜು.

“ನೋಡು, ಇಲ್ಲೂ ವೈರು ಚುಚ್ಚಿದಾರೆ,” ಎಂದಳು ಲೊರೇನ್. “ಇವಕ್ಕಾದ್ರೂ ಟೆಸ್ಟ್ ಮಾಡಿದಾರಾ ಅಂತ ನರ್ಸನ್ನ ಕೇಳ್ದೆ. ಅವಳಿಗೆ ಸಿಟ್ಟು ಬಂತು.”

ದಾನುತೆ ನಗಲಿಲ್ಲ. “ಚೀಟಿ ಬರ್ದಿದ್ದು ನಾನು ಲೊರೇನ್.”

“ಗೊತ್ತು. ಎರಡು ವರ್ಷದಿಂದ ಡಿ.ವಿ. ಡಿ.ವಿ. ಅಂತ ನೋಡ್ತಾನೇ ಇದೀನಲ್ಲ.”

“ನನ್ನ ಮೇಲೆ ಸಿಟ್ಟಿದೆಯಾ?”

“ಇದೆ. ಸತ್ತಿದ್ರೆ ಇನ್ನೂ ಜಾಸ್ತಿ ಇರ್ತಿತ್ತು.” ಲೊರೇನ್ ಕಣ್ಣು ಮುಚ್ಚಿದಳು. “ಯಾಕೆ ಬರ್ದೆ ಅಂತ ಕೇಳಲ್ಲ. ಸುರುಳಿ ನನ್ನ ಕೈಗೆ ಕೊಟ್ಟಿದ್ರೆ ನಾನೂ ಬರೀತಿದ್ದೆ. ಅವನು ನಂಗೆ ಕೊಡ್ಲಿಲ್ಲ, ಯಾಕ್ ಗೊತ್ತಾ? ನಾನು ಇಲ್ಲಿಯೋಳು. ಬಾಯಿ ಜೋರು. ನೀನು ಹೂಂ ಅಂತೀಯ.”

“ಅವರು ಮಿಸೆಸ್ ಅಂತ ಕರೀತಿದಾರೆ ನನ್ನ.”

ಲೊರೇನ್ ಕಣ್ಣು ಬಿಟ್ಟಳು. “ಹಾಗಾದ್ರೆ ನಿನ್ನ ತಲೆಗೆ ಕಟ್ತಾರೆ. ಕೇಳಿಲ್ಲಿ. ಮೂವತ್ತು ವರ್ಷ ಕಸ ಗುಡಿಸಿದೀನಿ. ಗೋಡೆ ಮೇಲಿರೋ ಕಾಯಿದೆ ಬೋರ್ಡು ಒರೆಸಿ ಒರೆಸಿ ಬಾಯಿಪಾಠ ಆಗಿದೆ. ಕಾಯಿದೆ ಚೀಟಿ ಕೇಳಲ್ಲ ಕಣೆ. ಚೀಟಿ ಇವರು ಮಾಡ್ಕೊಂಡಿರೋ ಆಟ. ಯಂತ್ರ ಸರಿ ಇದೆಯಾ, ಯಾರನ್ನಾದ್ರೂ ಕೊಲ್ಲುತ್ತಾ, ಅದು ಕಾಯಿದೆ ಕೇಳೋದು. ಸರಿ ಇಡೋದು ಕೆಲಸ ಕೊಟ್ಟೋನ ಹೊಣೆ. ಪರೀಕ್ಷೆ ಮಾಡೋಳಿಗೆ ಅದು ಗೊತ್ತಿರ್ಬೇಕು, ಕಲ್ತಿರ್ಬೇಕು. ನಿಂಗೇನು ಕಲಿಸಿದಾರೆ ಅವರು?”

“ಏನೂ ಇಲ್ಲ.”

“ಅಷ್ಟನ್ನೇ ಹೇಳು. ಕಾಗದ ಕೊಟ್ರೆ ಓದದೆ ಸಹಿ ಹಾಕ್ಬೇಡ.” ಅವಳು ಎಡಗೈಯಿಂದ ದಾನುತೆಯ ತೋಳು ಹಿಡಿದಳು. “ಡ್ಯಾನಿ, ಇನ್ನೊಬ್ಬಳಿಗೆ ಆಗುತ್ತೆ ಇದು. ನಂಗೆ ಬೂಟಾದ್ರೂ ಗಟ್ಟಿ ಇತ್ತು.”

ಅದೇ ದಿನ ಒಂದೂವರೆಗೆ ದಾನುತೆಯನ್ನು ಆಫೀಸಿಗೆ ಕರೆದರು. ಎಂಟು ವರ್ಷದಲ್ಲಿ ಮೊದಲ ಸಲ. ತೊಳೆಯುವ ಕಂಪನಿಯ ದೊಡ್ಡ ಆಫೀಸಿನಿಂದ ಮಿಸೆಸ್ ಹಾರ್ಗ್ರೀವ್ಸ್ ಎಂಬಾಕೆ ಬಂದಿದ್ದರು. ಬಿಳಿ ಅಂಗಿ, ಸಣ್ಣ ದನಿ. “ಬನ್ನಿ, ಕೂತ್ಕೊಳ್ಳಿ,” ಎಂದವರು, ದಾನುತೆ ಕುರ್ಚಿಯ ಹತ್ತಿರ ಬರುತ್ತಲೇ, “ಒಂದ್ನಿಮಿಷ,” ಎಂದು ಎದ್ದು, ಕಸದ ಚೀಲವೊಂದನ್ನು ಹರಿದು ಕುರ್ಚಿಯ ಮೇಲೆ ಹಾಸಿದರು. “ತಪ್ಪು ತಿಳ್ಕೋಬೇಡಿ. ಬಟ್ಟೆ ಹೊದಿಕೆ, ವಾಸನೆ ಹೋಗಲ್ಲ.”

ದಾನುತೆ ಕಸದ ಚೀಲದ ಮೇಲೆ ಕೂತಳು. ಅದು ಚರಪರ ಎಂದಿತು. ಅವಳ ಮುಖಕ್ಕೆ ರಕ್ತ ನುಗ್ಗಿತು. ಚಹಾ ಬಂತು, ಬಿಸ್ಕತ್ತು ಬಂತು. ಅವಳು ಮುಟ್ಟಲಿಲ್ಲ.

“ಒಂದು ಸಣ್ಣ ಕೆಲಸ ಬಾಕಿ ಇದೆ,” ಎಂದು ಮಿಸೆಸ್ ಹಾರ್ಗ್ರೀವ್ಸ್ ಎರಡು ಹಾಳೆಯ ಕಾಗದ ಮುಂದಿಟ್ಟರು. “ನೀವು ನಮ್ಮ ಪರೀಕ್ಷಕಿ ಅಂತ ನೇಮಕದ ಪತ್ರ. ಇಲ್ಲಿ, ಮತ್ತೆ ಇಲ್ಲಿ ಸಹಿ.”

“ಓದ್ತೀನಿ.”

“ಓದೋಕೇನಿದೆ ಅದ್ರಲ್ಲಿ,” ಎಂದ ಬಾಗಿಲ ಬಳಿ ನಿಂತಿದ್ದ ಡ್ಯಾರೆನ್. “ಎರಡು ಗಂಟೆಗೆ ಶಿಫ್ಟು.”

ಅವಳು ಓದಿದಳು. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದ. ಬೆರಳು ಕ್ಲೋರಿನ್ನಿಗೆ ಸುಲಿದಿತ್ತು. ಗೋಡೆಯ ಗಡಿಯಾರ ಹದಿನೈದು ನಿಮಿಷ ಓಡಿತು. ಮಿಸೆಸ್ ಹಾರ್ಗ್ರೀವ್ಸ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಪರೀಕ್ಷಕಿಯಾದವಳು ಅರ್ಧ ದಿನ ತರಬೇತಿ ಪಡೆದಿದ್ದಾಳೆ ಎಂದಿತ್ತು. ಪ್ರತಿ ಯಂತ್ರದ ತಂತಿ, ಪ್ಲಗ್ಗು, ಹೊದಿಕೆ ನೋಡಬೇಕು ಎಂದಿತ್ತು. ದೋಷ ಕಂಡರೆ ಆ ಕ್ಷಣವೇ ಯಂತ್ರದ ಪ್ಲಗ್ಗು ಗೋಡೆಯಿಂದ ಕಿತ್ತು, ಕತ್ತರಿಸಿ, ಯಂತ್ರವನ್ನು ಬಳಕೆಯಿಂದ ತೆಗೆಯಬೇಕು ಎಂದಿತ್ತು. ಪರೀಕ್ಷಕಿಯ ತೀರ್ಮಾನವನ್ನು ಯಾವ ಮೇಸ್ತ್ರಿಯೂ ತಳ್ಳಿಹಾಕುವಂತಿಲ್ಲ ಎಂದಿತ್ತು.

ಆ ಸಾಲನ್ನು ಅವಳು ಎರಡು ಸಲ ಓದಿದಳು.

“ನಂಗೆ ತರಬೇತಿ ಆಗಿಲ್ಲ.”

“ಕೊಡ್ತೀವಿ. ಬರೋ ತಿಂಗಳು.”

“ಇದ್ರಲ್ಲಿ ಹೋದ್ವರ್ಷ ಆಗಿದೆ ಅಂತಿದೆಯಲ್ಲ.”

“ಅದು ತಾರೀಕು ಅಷ್ಟೇ ಮಿಸೆಸ್ ವೈಟ್‌ಕಿಯೆನೆ.”

“ತಾರೀಕು ಅಂದ್ರೇನು ಅಂತ ನಂಗೆ ಗೊತ್ತು. ಆರು ವರ್ಷ ಅಂಟಿಸಿದೀನಿ.” ಅವಳು ಕಾಗದವನ್ನು ಹಿಂದಕ್ಕೆ ಸರಿಸಿದಳು. “ಸಹಿ ಹಾಕಲ್ಲ.”

ಸಣ್ಣ ದನಿ ಸಣ್ಣದಾಗೇ ಇತ್ತು. “ಯೋಚನೆ ಮಾಡಿ. ಚೀಟಿ ಮೇಲಿರೋ ಅಕ್ಷರ ನಿಮ್ದು. ತರಬೇತಿ ಇಲ್ದೆ ಸುಳ್ಳು ಬರೆದಿದೀರಿ ಅಂತ ಆಗುತ್ತೆ. ಕಾಯಿದೆ ನಮ್ಮ ಮೇಲೆ ಮಾತ್ರ ಇಲ್ಲ, ಕೆಲಸದೋರ ಮೇಲೂ ಇದೆ. ನಿಮ್ಮ ಸ್ನೇಹಿತೆ ಆಸ್ಪತ್ರೇಲಿದಾರೆ. ಆಮೇಲೆ... ಈ ದೇಶದಲ್ಲಿ ಇರೋ ಕಾಗದ ಎಲ್ಲ ಸರಿ ಇದೆ ತಾನೇ ನಿಮ್ದು?”

ದಾನುತೆಯ ಕಾಗದ ಸರಿ ಇತ್ತು. ಹದಿನಾಲ್ಕು ವರ್ಷ ಕಳೆದರೂ ಆ ಒಂದು ಪ್ರಶ್ನೆಗೆ ಹೆದರಿಕೆಯಾಗುತ್ತದೆ. ಅದು ಗೊತ್ತಿದ್ದೇ ಅವರು ಕೇಳುತ್ತಾರೆ.

“ಸಹಿ ಹಾಕಿದ್ರೂ ಅಷ್ಟೇ, ಹಾಕದಿದ್ರೂ ಅಷ್ಟೇ,” ಎಂದರು ಆಕೆ, ಹಾಳೆ ಮಡಿಸುತ್ತ. “ಪರೀಕ್ಷಕರ ಪಟ್ಟಿ ಬೆಳಿಗ್ಗೇನೇ ಅಧಿಕಾರಿಗೆ ಕಳ್ಸಿದೀವಿ. ಅದ್ರಲ್ಲಿ ನಿಮ್ಮ ಹೆಸರೇ ಇರೋದು. ಈ ಕ್ಷಣಕ್ಕೂ ಇಲ್ಲಿ ಪರೀಕ್ಷಕಿ ನೀವೇ.”

“ನಾನೇನಾ?”

“ನೀವೇ.”

“ಸರಿ,” ಎಂದು ದಾನುತೆ ಎದ್ದಳು. ಕಸದ ಚೀಲ ಅವಳ ಕೆಲಸದ ಪ್ಯಾಂಟಿಗೆ ಅಂಟಿ ಬಂತು. ಕಿತ್ತು ನೆಲಕ್ಕೆ ಬಿಟ್ಟಳು.

ಕೊಯ್ಯುವ ಕೋಣೆಯಲ್ಲಿ ಸಾಲು ಆಗಲೇ ನಿಂತಿತ್ತು. ಆರು ಯಂತ್ರಗಳು ಗೋಡೆಯುದ್ದಕ್ಕೆ. ಎಲ್ಲದರ ಮೇಲೂ ಹೊಸ ಹಸಿರು ಚೀಟಿ. ಈ ಸಲ ಅವಳು ಬರೆದದ್ದಲ್ಲ. ಯಾರದೋ ದಪ್ಪ ಅಕ್ಷರದಲ್ಲಿ, ಡಿ.ವಿ.

ಲೊರೇನಳ ಜಾಗಕ್ಕೆ ಹೊಸಬಳೊಬ್ಬಳನ್ನು ಕಳಿಸಿದ್ದರು. ದೂರದ ಟಿಮೋರ್ ದ್ವೀಪದಿಂದ ಬಂದವಳು, ಹೆಸರು ಅಡೆಲಿನಾ, ನಲವತ್ತರ ಹೆಂಗಸು. ಇಲ್ಲಿಯ ಭಾಷೆ ಹತ್ತು ಪದಕ್ಕಿಂತ ಹೆಚ್ಚು ಬಾರದು. ಅವಳಿಗೆ ಎರಡನೇ ಯಂತ್ರ ಕೊಟ್ಟಿದ್ದರು, ಟೇಪು ಸುತ್ತಿದ್ದು. ದಾನುತೆಯ ಕಣ್ಣು ಅವಳ ಕಾಲಿಗೆ ಹೋಯಿತು. ಯಾರೋ ಬಿಟ್ಟುಹೋದ ಬೂಟು. ಎಡಗಾಲಿನದು ಪಕ್ಕಕ್ಕೆ ಸೀಳಿತ್ತು. ಅದಕ್ಕೂ ಟೇಪು. ಸೀಳಿನಲ್ಲಿ ನೀರು ಒಳಹೊರಗೆ ಆಡುತ್ತಿತ್ತು.

ಪ್ಲಗ್ಗು ಚುಚ್ಚಿಯಾಗಿತ್ತು. ಅಡೆಲಿನಾ ಸ್ವಿಚ್ಚಿನ ಕಡೆ ಕೈ ಚಾಚಿದಳು.

“ಮುಟ್ಬೇಡ!”

ದಾನುತೆಯ ದನಿಗೆ ಕೋಣೆಯೇ ತಿರುಗಿತು. ಅವಳು ಇಷ್ಟು ಜೋರಾಗಿ ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಅಡೆಲಿನಾಳ ಕೈ ಗಾಳಿಯಲ್ಲಿ ನಿಂತಿತು. ದಾನುತೆ ಆಗಷ್ಟೇ ತೊಟ್ಟಿದ್ದ ಕೈಗವಸು ಕಿತ್ತಳು, ತಲೆಗೆ ಕಟ್ಟಿದ್ದ ಬಟ್ಟೆಗೆ ಕೈ ಒರೆಸಿಕೊಂಡಳು, ಪ್ಲಗ್ಗು ಹಿಡಿದು ಎಳೆದಳು. ತೊಳೆಯಲೆಂದು ಇಟ್ಟಿದ್ದ ಚಾಕುಗಳ ತಟ್ಟೆಯಿಂದ ಮೀನು ಕೊಯ್ಯುವ ಉದ್ದದ ಚಾಕು ತೆಗೆದುಕೊಂಡಳು. ತಂತಿಯನ್ನು ಉಕ್ಕಿನ ಮೇಜಿನಂಚಿಗೆ ಒತ್ತಿ ಹಿಡಿದು ಕೊಯ್ದಳು. ಮೊದಲ ಎಳೆತಕ್ಕೆ ರಬ್ಬರು ಹೋಯಿತು. ಎರಡನೆಯದಕ್ಕೆ ತಾಮ್ರ. ಪ್ಲಗ್ಗು ಅವಳ ಅಂಗೈಯಲ್ಲಿ ಉಳಿಯಿತು, ಕಿತ್ತ ಹಲ್ಲಿನ ಹಾಗೆ.

ತುಂಡಾದ ತುದಿಯಲ್ಲಿ ಮೂರು ತಂತಿ ಇರಬೇಕಿತ್ತು. ಎರಡೇ ಕೆಂಪಗೆ ಹೊಳೆಯುತ್ತಿದ್ದವು. ಮೂರನೆಯದು, ಸೋರಿದ ಕರೆಂಟನ್ನು ನೆಲಕ್ಕಿಳಿಸಿ ಜೀವ ಕಾಯುವ ಅರ್ತಿನ ತಂತಿ, ಕಿಲುಬು ತಿಂದು ಹಸಿರು ಪುಡಿಯಾಗಿತ್ತು.

“ಏಯ್! ಹುಚ್ಚು ಹಿಡೀತಾ ನಿಂಗೆ?” ಡ್ಯಾರೆನ್ ನೀರು ಎರಚಾಡುತ್ತ ಓಡಿ ಬಂದ. ಅವನ ಹಿಂದೆ, ಬಾಗಿಲಿನ ಒಣ ಗೆರೆಯ ಮೇಲೆ, ಮಿಸೆಸ್ ಹಾರ್ಗ್ರೀವ್ಸ್ ನಿಂತರು.

“ಪರೀಕ್ಷಕಿ ಯಾರು ಡ್ಯಾರೆನ್?”

“ಏನು?”

“ಪಟ್ಟೀಲಿ ಯಾರ ಹೆಸರಿದೆ? ಈಗ ತಾನೇ ಹೇಳಿದ್ರಲ್ಲ ಅವರು. ಈ ಕ್ಷಣಕ್ಕೂ ನಾನೇ ಅಂತೆ.” ದಾನುತೆ ಪ್ಲಗ್ಗನ್ನು ಅವನ ಎದೆಗೆ ಒತ್ತಿದಳು. “ಪರೀಕ್ಷೆ ಮಾಡ್ದೆ. ಫೇಲು.”

“ಡ್ಯಾನಿ, ನಾಳೆ ಬೆಳಿಗ್ಗೆ ಆರಕ್ಕೆ ಸಾಲು ಶುರುವಾಗ್ಬೇಕು. ಇಪ್ಪತ್ತು ಟನ್ನು ಹ್ಯಾಡಕ್ ಮೀನು ಹೊರಗೆ ನಿಂತಿದೆ. ತೊಳೀದಿದ್ರೆ ನಿನ್ನ ಕೆಲಸ ಮಾತ್ರ ಅಲ್ಲ, ಇವರೆಲ್ಲರದೂ ಹೋಗುತ್ತೆ.”

“ನನ್ನ ಹೆಸರು ಡ್ಯಾನಿ ಅಲ್ಲ. ನಿನ್ನೆ ಸರಿಯಾಗಿ ಕರೆದ್ಯಲ್ಲ.”

ಅವಳು ಹೆಂಗಸರ ಕಡೆ ತಿರುಗಿದಳು. “ಹಳೇ ಚೀಟಿ ಬರೆದೋಳು ನಾನು. ಒಂದೂ ಯಂತ್ರ ನೋಡದೆ ಬರ್ದೆ. ಲೊರೇನ್ ಅದಕ್ಕೇ ಬಿದ್ದಳು. ನಾಳೆ ಅಧಿಕಾರಿಗೆ ಅದನ್ನೇ ಹೇಳ್ತೀನಿ. ಸುರುಳಿ ಕೊಟ್ಟೋನು ಯಾರು, ಸ್ವಿಚ್ಚು ಬದಲಾಯಿಸಿದೋನು ಯಾರು, ಇವತ್ತಿನ ಚೀಟಿ ನಾನು ಬರೆದಿದ್ದಲ್ಲ, ಎಲ್ಲ ಹೇಳ್ತೀನಿ. ನನ್ನ ಜೈಲಿಗೆ ಹಾಕ್ತಾರೋ, ಮನೆಗೆ ಕಳಿಸ್ತಾರೋ, ಏನಾದ್ರೂ ಮಾಡ್ಲಿ. ಇವತ್ತು ಮಾತ್ರ ಇವು ಓಡಲ್ಲ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಐದು ಹೆಂಗಸರ ಕಣ್ಣಿನಲ್ಲಿ ನಾಳೆಯ ಫೋನಿನ ಸಂದೇಶವಿತ್ತು, ಬಾರದೆ ಹೋಗಬಹುದಾದ ಸಂದೇಶ. ಡ್ಯಾರೆನ್ ಮೂರನೇ ಯಂತ್ರದ ಮುಂದೆ ಬಂದು ಕಾಲು ಅಗಲಿಸಿ ನಿಂತ. ದಾನುತೆಯ ಕೈಯಲ್ಲಿ ಚಾಕು. ಅವನು ಚಾಕು ನೋಡಿದ, ಅವಳನ್ನು ನೋಡಿದ.

“ಪೊಲೀಸರನ್ನ ಕರೀತೀನಿ.”

“ಕರಿ. ಬರೋಷ್ಟರಲ್ಲಿ ಮುಗ್ಸಿರ್ತೀನಿ.”

ಅವಳು ಅವನನ್ನು ಸುತ್ತಿಕೊಂಡು ಹೋಗಿ ಮೂರನೆಯದರ ಪ್ಲಗ್ಗು ಗೋಡೆಯಿಂದ ಕಿತ್ತಳು. ಆ ಯಂತ್ರದ ತಂತಿ ಹೊಸದು, ದಪ್ಪ. ಮೀನಿನ ಕೊಬ್ಬು ಹತ್ತಿ ಜಾರುತ್ತಿತ್ತು. ಕೆಟ್ಟ ಭುಜ, ಒಂದೇ ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಕೊಯ್ಯಲು ಆಗಲಿಲ್ಲ. ಚಾಕು ಎರಡು ಸಲ ಜಾರಿತು. ಡ್ಯಾರೆನ್ ನಕ್ಕ.

ಆಗ ನೀರಿನಲ್ಲಿ ಸೀಳು ಬೂಟಿನ ಪಚಪಚ ಸದ್ದು ಹತ್ತಿರ ಬಂತು. ಇಷ್ಟು ಹೊತ್ತು ನಡೆದ ಮಾತಿನಲ್ಲಿ ಒಂದೂ ಅಡೆಲಿನಾಗೆ ತಿಳಿದಿರಲಿಲ್ಲ. ತುಂಡಾದ ತಂತಿಯ ತುದಿಯನ್ನು ಮಾತ್ರ ಅವಳು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ್ದಳು. ಆಮೇಲೆ ತನ್ನ ಕಾಲು ನೋಡಿಕೊಂಡಿದ್ದಳು.

ಅವಳು ದಾನುತೆಯ ಎದುರು ನಿಂತು, ಮೂರನೇ ಯಂತ್ರದ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು, ಚಾಕುವಿಗೆ ಸರಿಯಾಗಿ, ಬಿಗಿಯಾಗಿ ಎಳೆದು ಕೊಟ್ಟಳು.